ಸಿರುಗುಪ್ಪದ ಮುಚ್ಚದ ಪುಟ

"ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ ಅಮ್ಮಾರ!"

ಚನ್ನವೀರಮ್ಮನ ಕೈ ಬೋರ್ಡಿನ ಹತ್ತಿರವೇ ನಿಂತುಬಿಟ್ಟಿತು. ಪಾಪ, ಆಕೆ ಫ್ಯಾನು ಹಾಕಿಕೊಳ್ಳಲು ಹೊರಟಿದ್ದಳಷ್ಟೆ. ಸಿರುಗುಪ್ಪದ ಮಧ್ಯಾಹ್ನದ ಸೆಕೆಯಲ್ಲಿ ಅರವತ್ತೊಂದು ವರ್ಷದ ಹೆಂಗಸು ಇನ್ನೇನು ಮಾಡಿಯಾಳು?

"ಯಾಕವ್ವಾ, ಶಾಕ್ ಹೊಡಿತೈತೇನು?"

"ಶಾಕ್ ಅಲ್ರಿ. ಆ ನಡುವಿನ ಸ್ವಿಚ್ಚು ಕಂಪ್ಯೂಟರಿಂದು. ಒಮ್ಮೆ ಬಂದ್ ಆತಂದ್ರ ಮತ್ತ ಲಾಗಿನ್ ಆಗಾಕ ಅರ್ಧ ತಾಸು ಬೇಕು, ಇಲ್ಲಿ ಲೈನ್ ಹಂಗೈತಿ. ಅಷ್ಟೊತ್ತಿಗೆ ರಕ್ತ ಕೊಡಾಕ ಬಂದೋರು ಚಾ ಕುಡಿದು ಮನಿ ಸೇರಿರ್ತಾರ."

ಹೇಳಿದವಳು ಜ್ಯೋತಿ. ತುಂಗಾಧಾರೆ ರಕ್ತನಿಧಿಯ ಸಿರುಗುಪ್ಪ ಕೇಂದ್ರಕ್ಕೆ ನರ್ಸೂ ಅವಳೇ, ಗುಮಾಸ್ತೆಯೂ ಅವಳೇ. ಅವಳ ಕಂಪ್ಯೂಟರಿನ ಮೇಲೆ ಒಂದು ಹಳದಿ ಟವೆಲ್ ಹೊದಿಸಿತ್ತು. ಟವೆಲ್ಲಿನ ಅಡಿಯಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು.

"ಹಂಗಾರ ಯಾವಾಗ ಬಂದ್ ಮಾಡ್ತಿ ಇದನ್ನ?"

"ಶನಿವಾರ ಸಂಜಿಕ. ಸೋಮವಾರ ಮುಂಜಾನೆ ಒಂಬತ್ತಕ್ಕ ಚಾಲೂ ಮಾಡಿದ್ರ ವಾರಪೂರ್ತಿ ಅದ ನಡಿತೈತ್ರಿ. ಕರೆಂಟ್ ಹೋದ್ರ ಇನ್ವರ್ಟರ್ ಐತಿ. ಮನಿಗೆ ಹೋಗೋವಾಗ ಟವೆಲ್ ಹೊಚ್ಚಿ ಹೋಗ್ತೀನಿ." ಜ್ಯೋತಿ ದನಿ ತಗ್ಗಿಸಿದಳು. "ಬಳ್ಳಾರಿ ಹೆಡ್ಡಾಫೀಸಿನವ್ರಿಗೆ ಹೇಳಬ್ಯಾಡ್ರಿ ಮತ್ತ. ದಿನಾ ಲಾಗ್‌ಔಟ್ ಮಾಡಬೇಕಂತ ರೂಲ್ ಐತಿ."

ಚನ್ನವೀರಮ್ಮ ಹೇಳುವವಳೇ ಅಲ್ಲ. ಮೂವತ್ತಾರು ವರ್ಷ ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜಿಲ್ಲೆಯ ಮಾತನ್ನೆಲ್ಲ ಜೋಡಿಸಿ, ಅದರಲ್ಲಿ ಒಂದನ್ನೂ ಹೊರಗೆ ಬಿಡದೆ ನಿವೃತ್ತಳಾದ ಜೀವ ಅದು. ನಿವೃತ್ತಿಯಾದ ಮೇಲೆ ಹಪ್ಪಳ ಒತ್ತಿಕೊಂಡಿರುತ್ತಾಳೆ ಎಂದುಕೊಂಡವರಿಗೆಲ್ಲ ಕೈಕೊಟ್ಟು ಪತ್ತೇದಾರಿಕೆಗೆ ಇಳಿದಿದ್ದಳು.

ಆದರೆ ಇವತ್ತು ಗುರುವಾರ, ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು, ಸಂಜೆ ಐದಕ್ಕೆ ನಿಧಿಯ ಬಳ್ಳಾರಿ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಆಫ್ರೀನ್ ಎಂಬ ಹುಡುಗಿಯ ಮೇಲೆ ಪೊಲೀಸ್ ದೂರು ಬೀಳುವುದಿತ್ತು. ಸೋಮವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ರಕ್ತನಿಧಿಯ ಸರ್ವರಿನಿಂದ ಹೋದ ವರ್ಷದ ಆಗಸ್ಟ್ ತಿಂಗಳ ದಾಖಲೆ ಅಳಿಸಿಹೋಗಿತ್ತು. ಅಳಿಸಿದ ಲಾಗಿನ್ ಆಫ್ರೀನಳದು. ಅದರ ಹಿಂದೆ ಬಿದ್ದೇ ಚನ್ನವೀರಮ್ಮ ಸಿರುಗುಪ್ಪಕ್ಕೆ ಬಂದಿದ್ದಳು.

ಆಗಸ್ಟ್ ತಿಂಗಳೇ ಯಾಕೆ ಎಂಬುದಕ್ಕೆ ಎಲ್ಲರ ಬಾಯಲ್ಲೂ ಒಂದೇ ಉತ್ತರವಿತ್ತು. ಆ ತಿಂಗಳು ಕುರುಗೋಡಿನಲ್ಲಿ ಯಂಕಮ್ಮ ಎಂಬ ಬಾಣಂತಿಗೆ ಇದೇ ನಿಧಿಯ ರಕ್ತ ಹಾಕಿದ್ದರು. ಆಮೇಲೆ ಅವಳ ಮೂತ್ರಪಿಂಡ ಕೆಟ್ಟು, ಈಗ ವಾರಕ್ಕೆರಡು ಸಲ ಡಯಾಲಿಸಿಸ್. ಕೊಟ್ಟ ರಕ್ತದ ಗುಂಪು ಯಾವುದಿತ್ತು, ದಾಖಲೆ ಕೊಡಿ ಎಂದು ಅವಳ ಗಂಡ ಅಂಜಿನೇಯ ಹೋದ ಶುಕ್ರವಾರ ಅರ್ಜಿ ಹಾಕಿದ್ದ. ಸೋಮವಾರ ದಾಖಲೆ ಮಾಯ. ಆಗಸ್ಟಿನಲ್ಲಿ ಆಸ್ಪತ್ರೆಗಳಿಗೆ ರಕ್ತ ಹಂಚುವ ಮೇಜಿನಲ್ಲಿದ್ದವಳೂ ಆಫ್ರೀನಳೇ. ಇಷ್ಟು ಸಾಕಲ್ಲ ಜನಕ್ಕೆ?

"ಜ್ಯೋತಿ, ಸೋಮವಾರ ಏನಾತು, ಇನ್ನೊಮ್ಮೆ ಹೇಳು."

"ಒಂಬತ್ತಕ್ಕ ಲಾಗಿನ್ ಆದೆ. ಯಂಕಮ್ಮಗ ಕೊಟ್ಟ ಚೀಲದ ರಕ್ತ ನಮ್ಮ ಕಡೇದು, ದೇಶನೂರು ರಕ್ತದಾನ ಕ್ಯಾಂಪಿನಾಗ ತಗೊಂಡಿದ್ದು. ಅದಕ್ಕ ಆಗಸ್ಟ್ ಪುಟ ತೆಗದು ನೋಡ್ಕೊಂತ ಕುಂತೆ. ಹನ್ನೊಂದಕ್ಕ ಬಳ್ಳಾರಿ ಆಫೀಸಿನಿಂದ ವಿರೂಪಾಕ್ಷಿ ಸರ ಫೋನ್ ಮಾಡಿದ್ರು. ಭಾಳ ಗಾಬರಿಯಾಗಿದ್ರು. 'ಸರ್ವರ್ ಮೆಮೊರಿ ಮುನ್ನೂರ ಮೂವತ್ತಾರು ಜಿಬಿ ತಿನ್ನಾಕತ್ತೈತಿ, ಇರೋದ ಅರವತ್ನಾಲ್ಕು, ಎಲ್ಲಾರೂ ಬಂದ್ ಮಾಡ್ರಿ' ಅಂದ್ರು."

"ನೀನು ಮಾಡಿದ್ಯೇನು?"

"ಮಾಡಿದೆ ಅಂತ ಹೇಳಿದೆ," ಎಂದು ಜ್ಯೋತಿ ನಾಲಿಗೆ ಕಚ್ಚಿಕೊಂಡಳು. "ಮುಂದ ಎಂಟು ಮಂದಿ ರಕ್ತ ಕೊಡೋರು ಕುಂತಿದ್ರು ಅಮ್ಮಾರ. ಟವೆಲ್ ಹೊಚ್ಚಿದೆ."

ಚನ್ನವೀರಮ್ಮ ಟವೆಲ್ಲನ್ನು ಮೆಲ್ಲಗೆ ಎತ್ತಿದಳು.

ಪರದೆಯ ಮೇಲೆ ಸಾಲುಸಾಲು ಹೆಸರು. ಮೇಲ್ಗಡೆ ತಿಂಗಳು: ಆಗಸ್ಟ್. ಬಳ್ಳಾರಿಯಲ್ಲಿ ಭೂಮಿಯ ಮೇಲೆಯೇ ಇಲ್ಲವೆಂದು ಹೇಳುತ್ತಿದ್ದ ದಾಖಲೆ ಸಿರುಗುಪ್ಪದ ಒಂದು ಟವೆಲ್ಲಿನಡಿ ತಣ್ಣಗೆ ಕೂತಿತ್ತು.

ಆಕೆಯ ಬೆರಳು ಒಂದೊಂದೇ ಸಾಲು ಇಳಿದು ನಿಂತಿತು. ಚೀಲ, ದೇಶನೂರು ಕ್ಯಾಂಪ್, ಗುಂಪು ಬಿ ಪಾಸಿಟಿವ್. ಕೊಟ್ಟದ್ದು ಯಂಕಮ್ಮನಿಗೆ, ಆಗಸ್ಟ್ ಹದಿನಾಲ್ಕು. ಯಂಕಮ್ಮನ ಗುಂಪು ಬಿ ಪಾಸಿಟಿವ್.

ಬಿ ಗುಂಪಿನವಳಿಗೆ ಬಿ ರಕ್ತ! ಇದರಲ್ಲಿ ತಪ್ಪೆಲ್ಲಿದೆ? ದಾಖಲೆ ನಿಧಿಯ ಪರವಾಗಿಯೇ ಇದ್ದರೆ ಅದನ್ನು ಅಳಿಸಿ ಆಫ್ರೀನಳಿಗೆ ಆಗಬೇಕಾದ್ದೇನು? ಚನ್ನವೀರಮ್ಮನಿಗೆ ಮೂರು ದಿನದಲ್ಲಿ ಮೊದಲ ಸಲ ಜೀವ ಹಗುರಾಯಿತು. ಈ ಪುಟವೊಂದು ಹೊರಬಂದರೆ ಹುಡುಗಿ ಉಳಿದಳು.

ಆದರೂ ಆಕೆ ಸುಲಭಕ್ಕೆ ನಂಬುವ ಪೈಕಿಯಲ್ಲ. "ಇದು ಸೋಮವಾರದ ಚಿತ್ರ ಹಂಗ ನಿಂತೈತೋ, ಏನು ಇನ್ನೂ ಜೀವ ಐತೋ? ಮುಂದಿನ ಪುಟ ತೆಗಿ ನೋಡೋಣ."

ಜ್ಯೋತಿ ಗುಂಡಿ ಒತ್ತಿದಳು. ಪರದೆ ಒಂದು ಕ್ಷಣ ಯೋಚಿಸಿತು. ಹೊಸ ಪುಟ ಬಂತು. ಮತ್ತೊಂದು ಒತ್ತಿದಳು, ಅದೂ ಬಂತು.

"ಇದು ನಿನ್ನ ಪೆಟ್ಟಿಗಿಯೊಳಗ ಐತೇನು?"

"ಇಲ್ರಿ. ನಂದು ಬರೇ ಕಿಟಕಿ ಇದ್ದಂಗ. ಎಲ್ಲಾ ಬಳ್ಳಾರಿಯಿಂದ ಬರತೈತಿ."

ಇಲ್ಲದ ದಾಖಲೆ ಬಳ್ಳಾರಿಯಿಂದ ಈ ಗಳಿಗೆಯಲ್ಲೂ ಬರುತ್ತಿದೆ ಅಂದ ಹಾಗಾಯಿತು.

ಚನ್ನವೀರಮ್ಮ ಸ್ಟೂಲಿನ ಮೇಲೆ ಕೂತಳು. ಆಕೆಗೆ ಎಕ್ಸ್‌ಚೇಂಜಿನ ದಿನಗಳು ನೆನಪಾದವು. ಚಂದಾದಾರನ ಹೆಸರನ್ನು ಡೈರೆಕ್ಟರಿಯಿಂದ ಹೊಡೆದುಹಾಕಿದರೂ ಆಗಲೇ ನಡೆಯುತ್ತಿರುವ ಮಾತು ಕತ್ತರಿಸಿಹೋಗುತ್ತಿರಲಿಲ್ಲ. ಹೊಸದಾಗಿ ಕರೆ ಮಾಡುವವರಿಗೆ ಆ ನಂಬರು ಇಲ್ಲ, ಮೊದಲೇ ಹಿಡಿದವರಿಗೆ ಇದೆ, ಅವರು ರಿಸೀವರ್ ಇಡುವ ತನಕ. ಸೋಮವಾರ ಒಂಬತ್ತರಿಂದ ರಿಸೀವರ್ ಇಡದೆ ಕೂತವಳು ಈ ಜಿಲ್ಲೆಯಲ್ಲಿ ಒಬ್ಬಳೇ, ಅವಳು ಎದುರಿಗೇ ನಿಂತಿದ್ದಳು.

"ನಿನ್ನ ಸೋಮಾರಿತನಕ್ಕ ಒಂದು ಶಾಲು ಹೊದಿಸಬೇಕು ಜ್ಯೋತಿ," ಎಂದಳು.

ಅಷ್ಟರಲ್ಲಿ ಜ್ಯೋತಿಯ ಫೋನು ಬಡಿದುಕೊಂಡಿತು. ಕೇಳಿಸಿಕೊಳ್ಳುತ್ತ ಅವಳ ಮುಖ ಸಣ್ಣದಾಯಿತು.

"ವಿರೂಪಾಕ್ಷಿ ಸರ್ದು. ಮಷೀನು ಸೋಮವಾರದಿಂದ ತಡವರಸಾಕತ್ತಾವಂತ, ಮೂರೂವರೆಗೆ ಎರಡೂ ಸರ್ವರ್ ಬಂದ್ ಮಾಡಿ ಚಾಲೂ ಮಾಡ್ತಾರಂತ. ಸೆಕ್ರೆಟರಿ ಸಾಹೇಬ್ರು ಹೇಳ್ಯಾರಂತ."

ಚನ್ನವೀರಮ್ಮ ಎದ್ದಳು. ಈ ಕಡೆಯವರು ರಿಸೀವರ್ ಇಡದಿದ್ದರೇನು, ಎಕ್ಸ್‌ಚೇಂಜಿಗೇ ಬೀಗ ಹಾಕಿದರೆ ಮಾತು ಉಳಿದೀತೆ?

"ಯಾರ ಫೋನ್ ಮಾಡಿದ್ರೂ, ಯಾರ ಬಂದ್ರೂ ಇದನ್ನ ಮುಟ್ಟಾಕ ಬಿಡಬ್ಯಾಡ. ನಾನು ಹೋಗಿ ಬರ್ತೀನಿ."

ಕಾರ್ಯದರ್ಶಿ ಚನ್ನಬಸವರಾಜನಿಗೆ ನಾಲ್ಕು ಸಲ ಫೋನು ಹಚ್ಚಿದಳು. ಸಭೆಯಲ್ಲಿದ್ದಾರೆ ಎಂದು ಯಾರೋ ಹೇಳಿ ಇಟ್ಟರು. ವಿರೂಪಾಕ್ಷಿಗೆ ಮಾಡಬಹುದಿತ್ತು, ಮಾಡಲಿಲ್ಲ. ಮುನ್ನೂರ ಮೂವತ್ತಾರು ಎಂಬ ಆ ಲೆಕ್ಕ ಆಕೆಯ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಸೋಮವಾರ ಮಧ್ಯಾಹ್ನದ ತನಕ ಸರ್ವರ್ ಕೋಣೆಗೆ ಕಾಲಿಟ್ಟಿಲ್ಲವೆಂದು ವಿರೂಪಾಕ್ಷಿ ಆಣೆ ಮಾಡಿ ಹೇಳಿದ್ದ. ಆ ಲೆಕ್ಕ ಕಾಣುವುದು ಸರ್ವರಿನ ಮುಂದೆ ಕೂತವರಿಗೆ ಮಾತ್ರ.

ಹೊರಗೆ ದಸ್ತಗೀರಸಾಬ್ ತನ್ನ ಹಳೆಯ ಕಾರಿಗೆ ನೀರು ಕುಡಿಸುತ್ತಿದ್ದ. ಚನ್ನವೀರಮ್ಮನ ನೆರೆಮನೆಯವನು, ಆಕೆಯ ಪತ್ತೇದಾರಿಕೆಗೆಲ್ಲ ಅವನದೇ ಗಾಡಿ.

"ದಸ್ತಗೀರಣ್ಣಾ, ಕುರುಗೋಡು ಮ್ಯಾಲಿಂದ ಬಳ್ಳಾರಿಗೆ. ಮೂರೂವರೆ ಒಳಗ ಮುಟ್ಟಬೇಕು."

"ಮುಟ್ಟಸ್ತೀನಿ ಅಕ್ಕಾರ. ಗಾಡಿ ಪೂರಾ ಮುಟ್ಟತೈತೋ ಅರ್ಧನ ಮುಟ್ಟತೈತೋ, ಅದನ್ನ ಮಾತ್ರ ಕೇಳಬ್ಯಾಡ್ರಿ."

ಅರ್ಧ ಗಾಡಿಯಾದರೂ ಸರಿ ಎಂದು ಆಕೆ ಹತ್ತಿ ಕೂತಳು. ಎರಡೂ ಬದಿ ಭತ್ತದ ಗದ್ದೆ ಓಡತೊಡಗಿತು.

ಕುರುಗೋಡಿನ ಮನೆಯಲ್ಲಿ ಆಫ್ರೀನ್ ಜೀನ್ಸ್ ಪ್ಯಾಂಟುಗಳ ರಾಶಿಯ ನಡುವೆ ಕೂತು ದಾರದ ತುದಿ ಕತ್ತರಿಸುತ್ತಿದ್ದಳು. ಹೊಲಿಯುತ್ತಿದ್ದವಳು ತಾಯಿ ಲಾಲಬೀ. ಮಂಗಳವಾರದಿಂದ ಮಗಳಿಗೆ ಕೆಲಸದಿಂದ ದೂರವಿರಲು ಹೇಳಿದ್ದರು. ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ಅವಳು ಕತ್ತರಿ ಹಿಡಿದಿದ್ದಳು. ಇಪ್ಪತ್ತೇಳರ ಹುಡುಗಿಯ ಕಣ್ಣಡಿ ಕಪ್ಪಾಗಿತ್ತು.

"ನನ್ನ ಮಗಳು ಇರುವಿ ಸಾಯಿಸೋಳಲ್ರಿ ಅಮ್ಮಾರ," ಎಂದಳು ಲಾಲಬೀ, ಯಂತ್ರ ನಿಲ್ಲಿಸದೆ.

"ಗೊತ್ತೈತಿ ಲಾಲಬೀ. ಅದಕ್ಕ ಕರಕೊಂಡು ಹೋಗಾಕ ಬಂದೀನಿ."

ಸಿರುಗುಪ್ಪದ ಸುದ್ದಿ ಕೇಳಿ ಆಫ್ರೀನ್ ಕುಣಿದಾಡುತ್ತಾಳೆ ಎಂದುಕೊಂಡಿದ್ದಳು ಚನ್ನವೀರಮ್ಮ. ಹುಡುಗಿಯ ಕೈಯ ಕತ್ತರಿ ನಿಂತಿತು, ಅಷ್ಟೇ.

"ಜ್ಯೋತಿ ಇನ್ನೂ ಬಂದ್ ಮಾಡಿಲ್ಲೇನ್ರಿ?"

"ಮಾಡಿಲ್ಲ. ಟವೆಲ್ ಹೊಚ್ಚ್ಯಾಳ. ನಾನು ತಿಳಕೊಂಡಿದ್ದು ಖರೇ ಐತೇನು? ಅದು ಇನ್ನೂ ಜೀವಂತ ಐತೇನು?"

ಆಫ್ರೀನ್ ಕತ್ತರಿಯನ್ನು ಕೆಳಗಿಟ್ಟಳು. ಆಮೇಲೆ ತಾಯಿಯತ್ತ ಒಮ್ಮೆ ನೋಡಿ, "ಐತ್ರಿ ಅಮ್ಮಾ," ಎಂದಳು. "ಅಳಿಸಿದ್ರ ಹೋಗೋದು ಹೆಸರಷ್ಟ. ಯಾರರ ಆ ಫೈಲ್ ತೆರದು ಹಿಡಕೊಂಡಿದ್ರ ಒಳಗಿಂದು ಹಂಗ ಇರತೈತಿ. ಜ್ಯೋತಿ ಸಲುವಾಗಿ ಸರ್ವರ್ ಅದನ್ನ ಹಿಡಕೊಂಡು ಕುಂತೈತಿ. ಆಕಿ ಬಿಡೋದರೊಳಗ ನಕಲು ತಗೀಬೌದು."

"ನೀನು ತಗೀತಿಯೇನು?"

"ತಗೀತೀನಿ."

ಕಾರಿನಲ್ಲಿ ಚನ್ನವೀರಮ್ಮನಿಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ. "ಅಲ್ಲವಾ, ಸರ್ವರ್ ಎರಡು ಅದಾವಲ್ಲ? ಒಂದರಾಗ ಅಳಿಸಿದ್ರ ಇನ್ನೊಂದರಾಗ ಇರಬೇಕಿತ್ತಲ್ಲ?"

"ಎಲ್ಲಾರೂ ಹಂಗ ತಿಳಕೊಂಡಾರ್ರಿ. ಮಷೀನು ಎರಡು, ಒಂದು ಕೆಟ್ರ ಇನ್ನೊಂದು ಕೆಲಸ ಮಾಡಲಿ ಅಂತ. ಆದ್ರ ದಾಖಲೆ ಇಡೋ ಪೆಟ್ಟಿಗಿ ಒಂದ. ಒಂದು ಕ್ವಾಣಿಗೆ ಎರಡು ಬಾಗಲಾ ಇದ್ದಂಗ. ಈ ಬಾಗಲದಿಂದ ನೋಡಿದ್ರೂ ಅದ ಚೀಲ, ಆ ಬಾಗಲದಿಂದ ನೋಡಿದ್ರೂ ಅದ ಚೀಲ. ಎರಡು ಚೀಲ ಅಂತ ಒಂದನ್ನ ಒಗೆದ್ರ..."

"ಇದ್ದ ಒಂದೂ ಹೋತು."

"ಹೌದ್ರಿ. ಬ್ಯಾರೆ ನಕಲು ಇಡೂಣು ಅಂತ ನಾನು ಎರಡು ಸಲ ಬರದು ಕೊಟ್ಟೆ. ಎರಡು ಮಷೀನು ಇರೂವಾಗ ಮತ್ತ ನಕಲು ಯಾಕ ಅಂದ್ರು."

ಇಷ್ಟೆಲ್ಲ ತಿಳಿದ ಹುಡುಗಿ ಈ ಮೂರು ದಿನ ಬಾಯಿ ಬಿಡಲಿಲ್ಲ ಯಾಕೆ? ದಾಖಲೆ ಉಳಿಸಬಹುದೆಂಬುದು ಅವಳಿಗೆ ಮೊದಲ ದಿನವೇ ಹೊಳೆದಿರಬೇಕು. ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಹುಡುಗಿ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. ದಣಿದಿದ್ದಾಳೆ, ಇರಲಿ ಬಿಡು ಎಂದು ಚನ್ನವೀರಮ್ಮ ನುಂಗಿಕೊಂಡಳು.

ಬಳ್ಳಾರಿಯ ರಕ್ತನಿಧಿ ಮುಟ್ಟಿದಾಗ ಮೂರು ಇಪ್ಪತ್ತೈದು. ಕಾರು ಪೂರ್ತಿಯಾಗಿಯೇ ಬಂದಿತ್ತು.

ಹೊರಗಿನ ಬೆಂಚಿನ ಮೇಲೆ ಅಂಜಿನೇಯ ಕೂತಿದ್ದ. ಮೆಣಸಿನಕಾಯಿ ಹೊಲದಿಂದ ನೇರ ಬಂದವನಂತೆ ಕಾಣುತ್ತಿದ್ದ. ತೊಡೆಯ ಮೇಲೆ ಹೆಂಡತಿಯ ಆಸ್ಪತ್ರೆಯ ಕಾಗದಗಳ ಚೀಲ. "ಇವತ್ತರ ಕಾಗದ ಸಿಗತೈತೇನ್ರಿ?" ಎಂದು ಎದ್ದು ನಿಂತ. ಯಾರ ಮೇಲೂ ಸಿಟ್ಟಿಲ್ಲದ ಆ ದನಿ ಕೇಳಿ ಚನ್ನವೀರಮ್ಮನಿಗೆ ಸಂಕಟವಾಯಿತು. ಆಫ್ರೀನ್ ತಲೆ ತಗ್ಗಿಸಿ ಒಳಗೆ ನಡೆದಳು.

ಸರ್ವರ್ ಕೋಣೆಯ ಬಾಗಿಲಲ್ಲಿ ವಿರೂಪಾಕ್ಷಿಯ ಚಪ್ಪಲಿ ಶಿಸ್ತಾಗಿ ಕೂತಿದ್ದವು. ಒಳಗೆ ಅವನು ಕೀಲಿಮಣೆಯ ಮೇಲೆ ಬಾಗಿದ್ದ.

"ಕೈ ತೆಗೀರಿ ವಿರೂಪಾಕ್ಷಿಯವರ!"

ಅವನು ಬೆಚ್ಚಿದ. ನಿಧಿ ಶುರುವಾದಾಗಿನಿಂದ ಇಲ್ಲಿಯ ಆಡಳಿತ ನೋಡಿಕೊಂಡವನು, ಇಸ್ತ್ರಿ ಕೆಡದ ಅಂಗಿಯವನು, ಇನ್ನೆರಡು ತಿಂಗಳಿಗೆ ನಿವೃತ್ತಿ. "ಮೇಡಂ, ಸಾಹೇಬ್ರು ಹೇಳ್ಯಾರ, ರೀಸ್ಟಾರ್ಟ್..."

"ಆಮ್ಯಾಲೆ ಮಾಡೀರಂತ. ಮೊದಲ ಒಂದು ಲೆಕ್ಕ ಹೇಳ್ರಿ. ಮುನ್ನೂರ ಮೂವತ್ತಾರು ಎಲ್ಲಿಂದ ಬಂತು?"

"ಯಾ... ಯಾವ ಮುನ್ನೂರು?"

"ಸೋಮವಾರ ಹನ್ನೊಂದಕ್ಕ ಸಿರುಗುಪ್ಪದ ಜ್ಯೋತಿಗೆ ಫೋನ್ ಮಾಡಿ ಹೇಳಿದ್ರಲ್ಲ, ಮೆಮೊರಿ ಇಷ್ಟು ತಿನ್ನಾಕತ್ತೈತಿ ಅಂತ. ಅದು ಈ ಪರದೆ ಬಿಟ್ರ ಬ್ಯಾರೆ ಎಲ್ಲೂ ಕಾಣಂಗಿಲ್ಲ. ನೀವು ನೋಡಿದ್ರ ಅವತ್ತು ಮಧ್ಯಾಹ್ನದ ತನಕ ಈ ಕ್ವಾಣಿಗೆ ಬಂದ ಇಲ್ಲ ಅಂತೀರಿ."

ವಿರೂಪಾಕ್ಷಿ ಆಫ್ರೀನಳನ್ನು ನೋಡಿದ. ಅವಳು ನೋಡಲಿಲ್ಲ. ಅಷ್ಟಕ್ಕೇ ಅವನು ಕುರ್ಚಿಯಲ್ಲಿ ಕುಸಿದು ಕೂತ.

"ಆಕಿ ಇಲ್ಲೆ ಕುಂತಿದ್ಲು," ಎಂದ. "ಹೊರಗ ರಕ್ತ ಕೊಡಾಕ ಬಂದಾವ ತಲಿ ತಿರುಗಿ ಬಿದ್ದ. ಆಕಿ ಎಲ್ಲಾ ತೆರದಿದ್ದಂಗ ಬಿಟ್ಟು ಓಡಿದ್ಲು. ನಾನು ಸುಮ್ನ ಇಣುಕಿದೆ. ಪರದೆ ಮ್ಯಾಲೆ ಸರ್ವರಿನಾಗ ನಡಿಯೋ ಕೆಲಸದ್ದು ಹದಿನಾಲ್ಕು ಸಾಲು ಇದ್ದವು ಮೇಡಂ, ಒಂದೊಂದರ ಮುಂದ ಇಪ್ಪತ್ನಾಲ್ಕು ಜಿಬಿ. ಕಾಗದದ ಮ್ಯಾಲೆ ಕೂಡಿಸಿದೆ. ಎರಡು ಸಲ ಕೂಡಿಸಿದೆ. ಮಷೀನಿನಾಗ ಇರೋದ ಅರವತ್ನಾಲ್ಕು! ಇನ್ನೇನು ಸುಟ್ಟು ಹೋಗತೈತಿ ಅಂತ ಎದಿ ಝಲ್ ಅಂತು."

"ಅದಕ್ಕ ಅಳಿಸಿದ್ರಿ."

"ಜಾಗಾ ಮಾಡಾಕ. ಎರಡೂ ಮಷೀನಿನಾಗ ಅದ ಹೆಸರಿನ ಫೈಲ್ ಇದ್ದವು. ಎರಡನೇದರಾಗಿಂದು ನಕಲು ಅಂತ ತಿಳದು ಅದನ್ನ ತೆಗದೆ. ದೊಡ್ಡದು ನೋಡಿ ತೆಗದೆ, ಆಗಸ್ಟೋ ಸೆಪ್ಟೆಂಬರೋ ನೋಡ್ಲಿಲ್ಲ. ಒಂದನೇದರಾಗ ನೋಡ್ತೀನಿ, ಅಲ್ಲೂ ಇಲ್ಲ! ಜಾಗನರ ಆತೇನು ಅಂದ್ರ ಅದೂ ಇಲ್ಲ, ಪೆಟ್ಟಿಗಿ ತುಂಬಿದ್ದು ತುಂಬಿದಂಗ ತೋರಸ್ತಿತ್ತು."

ಚನ್ನವೀರಮ್ಮನಿಗೆ ರೇಗಿತು. "ಮೂರು ದಿನ! ಈ ಹುಡುಗಿಗೆ ಜನ ಥೂ ಥೂ ಅನ್ನೋದನ್ನ ಮೂರು ದಿನ ನೋಡ್ಕೊಂತ ಕುಂತ್ರಲ್ಲ, ನಿಮಗ ಅನ್ನ ಹೆಂಗ ಇಳೀತ್ರಿ?"

"ಇಳದಿಲ್ಲ," ಎಂದ ವಿರೂಪಾಕ್ಷಿ. "ಇಳದಿಲ್ಲ ಮೇಡಂ." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅರವತ್ತರ ಹೊಸ್ತಿಲಲ್ಲಿರುವ ಗಂಡಸು ಹಾಗೆ ಅಳುವುದನ್ನು ನೋಡುವುದು ಕಷ್ಟ. ಹೇಡಿ ನಿಜ, ಆದರೆ ಕೆಟ್ಟವನಲ್ಲ.

ಸಮಾಧಾನ ಮಾಡಿದವಳು ಆಫ್ರೀನ್. ಏಟು ತಿಂದವಳೇ ಹೊಡೆದವನ ಪಕ್ಕ ಬಂದು ಕೂತಳು.

"ಸರ, ಮೆಮೊರಿ ತುಂಬಿರಲಿಲ್ರಿ. ಒಂದ ಜಮಖಾನಾದ ಮ್ಯಾಲೆ ಹದಿನಾಲ್ಕು ಮಂದಿ ಕುಂತಾರಂತ ತಿಳಕೊರ್ರಿ. ನೀ ಕುಂತ ಜಮಖಾನಾ ಎಷ್ಟು ಉದ್ದ ಐತಿ ಅಂತ ಒಬ್ಬೊಬ್ಬರನ್ನೂ ಕೇಳಿದ್ರ ಎಲ್ಲಾರೂ ಇಪ್ಪತ್ನಾಲ್ಕು ಅಡಿ ಅಂತಾರ. ಅದನ್ನ ಕೂಡಿಸಿದ್ರ ಹೆಂಗ್ರಿ? ಜಮಖಾನಾ ಒಂದ ಅಲ್ರಿ? ಆ ಹದಿನಾಲ್ಕು ಸಾಲಿಗೂ ಮೆಮೊರಿ ಒಂದ, ಹಂಚ್ಕೊಂಡು ಕುಂತಾವ."

ವಿರೂಪಾಕ್ಷಿ ಬಾಯಿ ತೆರೆದು ನೋಡಿದ. "ಹಂಗಾರ ಏನೂ ಆಗಿರಲಿಲ್ಲೇನು?"

"ಏನೂ ಆಗಿರಲಿಲ್ಲ ಸರ."

ಅದೇ ಹೊತ್ತಿಗೆ ಬಾಗಿಲಲ್ಲಿ ಚನ್ನಬಸವರಾಜ ಕಾಣಿಸಿಕೊಂಡ. ಬಿಳಿ ಸಫಾರಿ, ಕೈಯಲ್ಲಿ ಫೋನು, ಬಗಲಲ್ಲಿ ಟೈಪಾಗಿ ಸಿದ್ಧವಾದ ದೂರಿನ ಕಾಗದ. ಆಫ್ರೀನಳನ್ನು ಕಂಡು ಹುಬ್ಬು ಗಂಟಿಕ್ಕಿದ. "ಈಕಿನ್ನ ಯಾರು ಒಳಗ ಬಿಟ್ರು? ಚನ್ನವೀರಮ್ಮಾರ, ಇದು ಸರಿ ಅಲ್ಲ. ಠಾಣಿಗೆ ಹೇಳಿ ಆಗೇತಿ, ಐದಕ್ಕ ಬರ್ತಾರ."

ವಿರೂಪಾಕ್ಷಿ ಎದ್ದು ನಿಂತ. ಕಣ್ಣೊರೆಸಿಕೊಂಡು ತನ್ನ ಬಾಯಿಂದಲೇ ಎಲ್ಲ ಹೇಳಿದ. ತಡವಾಗಿ ಬಂದ ಧೈರ್ಯ, ಆದರೂ ಧೈರ್ಯವೇ.

ಚನ್ನಬಸವರಾಜ ಅರೆಗಳಿಗೆ ತಬ್ಬಿಬ್ಬಾದ. "ಹಂಗಾರ ದೂರು ನಿನ್ನ ಮ್ಯಾಲ ಬೀಳತೈತಿ ವಿರೂಪಾಕ್ಷಿ. ಯಾರರ ಒಬ್ರ ಮ್ಯಾಲೆ ಬೀಳಬೇಕಲ್ಲ. ಹೊರಗ ಆ ಮನಿಷ್ಯಾ ಕಾಗದ ಕೊಡ್ರಿ ಅಂತ ಕುಂತಾನ, ಅವಂಗ ಏನು ಕೊಡಲಿ?"

"ದಾಖಲೆನ ಕೊಡ್ರಿ," ಎಂದಳು ಚನ್ನವೀರಮ್ಮ. ಈ ಮಾತು ಆಡಲೆಂದೇ ಅರವತ್ತು ಕಿಲೋಮೀಟರು ಅಲುಗಾಡಿಕೊಂಡು ಬಂದಿದ್ದಳು. "ಅದು ಸತ್ತಿಲ್ಲ. ಈ ಹುಡುಗಿ ತಗದು ಕೊಡ್ತಾಳ. ಸಿರುಗುಪ್ಪದಾಗ ನಾನು ನನ್ನ ಕಣ್ಣಲೆ ನೋಡೀನಿ, ಯಂಕಮ್ಮಂದು ಬಿ, ಕೊಟ್ಟಿದ್ದೂ ಬಿ. ನಿಮ್ಮ ನಿಧಿದು ತಪ್ಪಿಲ್ಲ, ಈಕಿದೂ ತಪ್ಪಿಲ್ಲ."

ಕಾರ್ಯದರ್ಶಿಯ ಮುಖ ಅರಳಿತು. ಕುರ್ಚಿಯನ್ನು ತಾನೇ ಎಳೆದು ಕೊಟ್ಟ. "ಹಂಗೇನು? ತೆಗಿಯವ್ವಾ, ತೆಗಿ."

ಆಫ್ರೀನ್ ಕೂತಳು. ಕೀಲಿಮಣೆಯ ಮೇಲೆ ಬೆರಳಿಟ್ಟು ಒಂದು ಉಸಿರು ಎಳೆದುಕೊಂಡಳು. ಆಮೇಲೆ ಬೆರಳುಗಳು ಓಡಿದವು. ಸರ್ವರಿನ ಸಾಲುಗಳಲ್ಲಿ ಜ್ಯೋತಿಯ ಸಾಲನ್ನು ಹುಡುಕಿದಳು. ಆ ಸಾಲು ಹಿಡಿದುಕೊಂಡಿದ್ದ ಫೈಲುಗಳ ಪಟ್ಟಿಯಲ್ಲಿ ಒಂದರ ಮುಂದೆ 'ಅಳಿಸಲಾಗಿದೆ' ಎಂದಿತ್ತು. ಅದಕ್ಕೇ ಹೊಸ ಹೆಸರು ಕೊಟ್ಟು ನಕಲಿಗೆ ಹಚ್ಚಿದಳು.

ಐದು ಪ್ರತಿಶತ. ಹನ್ನೊಂದು. ವಿರೂಪಾಕ್ಷಿ ಕೈಮುಗಿದು ನಿಂತಿದ್ದ. ಮೂವತ್ತೆಂಟರಲ್ಲಿ ಅಂಕಿ ನಿಂತಿತು. ಚನ್ನವೀರಮ್ಮ ಸಿರುಗುಪ್ಪಕ್ಕೆ ಫೋನು ಹಚ್ಚಿದಳು. "ಜ್ಯೋತಿ?"

"ಕರೆಂಟ್ ಹೋಗೈತ್ರಿ, ಇನ್ವರ್ಟರ್ ಮ್ಯಾಲೆ ಐತಿ. ಫ್ಯಾನ್ ಬಂದ್ ಮಾಡೀನಿ, ಲೈಟ್ ಬಂದ್ ಮಾಡೀನಿ. ಬೆವರಿನಾಗ ಈಜಾಡಾಕತ್ತೀನಿ, ಆದ್ರ ಸ್ವಿಚ್ ಮುಟ್ಟಿಲ್ಲ ಅಮ್ಮಾರ!"

ಮೂವತ್ತೊಂಬತ್ತು. ಅಲ್ಲಿಂದ ಸರಸರನೆ ಏರಿತು. ನಾಲ್ಕೂ ನಲವತ್ತಕ್ಕೆ ನೂರು.

ಆಫ್ರೀನ್ ಪುಟ ತೆರೆದಳು. ಯಂಕಮ್ಮ, ಆಗಸ್ಟ್ ಹದಿನಾಲ್ಕು, ಬಿ ಪಾಸಿಟಿವ್, ಚೀಲ ಬಿ ಪಾಸಿಟಿವ್. ಸಿರುಗುಪ್ಪದಲ್ಲಿ ಕಂಡದ್ದೇ. ಚನ್ನವೀರಮ್ಮ ಹುಡುಗಿಯ ಭುಜ ಹಿಡಿದು ಅಲುಗಾಡಿಸಿದಳು, ಕಣ್ಣು ತುಂಬಿ ಬಂದವು. ನಾಚಿಕೆಪಟ್ಟುಕೊಂಡು ಸೆರಗಿನಿಂದ ಒತ್ತಿಕೊಂಡಳು.

"ಮುಗೀತಲ್ಲ," ಎಂದ ಚನ್ನಬಸವರಾಜ, ದೂರಿನ ಕಾಗದವನ್ನು ಎರಡಾಗಿ ಹರಿಯುತ್ತ. "ಇದರ ಪ್ರಿಂಟ್ ತಗದು ಅವಂಗ ಕೊಟ್ಟು ಕಳಸ್ರಿ. ವಿರೂಪಾಕ್ಷಿದು ನಾನು ಆಮ್ಯಾಲೆ ನೋಡ್ತೀನಿ."

ಆಫ್ರೀನ್ ಪ್ರಿಂಟ್ ಒತ್ತಲಿಲ್ಲ.

"ಇದರ ಹಿಂದ ಇನ್ನೊಂದು ಪುಟ ಐತ್ರಿ," ಎಂದಳು ಮೆಲ್ಲಗೆ. "ಒಂದೊಂದು ಸಾಲೂ ಮೊದಲ ಏನಿತ್ತು, ಯಾವಾಗ ಬದಲಾತು, ಯಾರು ಬದಲಿಸಿದ್ರು ಅನ್ನೂದು ಅದರಾಗ ಇರತೈತಿ. ಸಿರುಗುಪ್ಪದಾಗ ಅದು ಕಾಣಂಗಿಲ್ಲ."

"ಅದು ಬೇಕಾಗಿಲ್ಲ," ಎಂದ ಚನ್ನಬಸವರಾಜ. ಹರಿಯುತ್ತಿದ್ದ ಕೈ ನಿಂತಿತ್ತು.

ಅವಳು ತೆರೆದಳು.

ಚನ್ನವೀರಮ್ಮ ಕನ್ನಡಕ ಸರಿಮಾಡಿಕೊಂಡು ಓದಿದಳು. ಚೀಲದ ಗುಂಪು, ಮೊದಲು: ಎ ಪಾಸಿಟಿವ್. ಬದಲಾದದ್ದು: ಬಿ ಪಾಸಿಟಿವ್. ಬದಲಾದ ದಿನ ಆಗಸ್ಟ್ ಹದಿನಾರು. ಯಂಕಮ್ಮನಿಗೆ ರಕ್ತ ಹಾಕಿ ಎರಡು ದಿನ ಕಳೆದ ಮೇಲೆ. ಬದಲಿಸಿದ ಲಾಗಿನ್ ಆಫ್ರೀನ್.

ಆಕೆ ಇನ್ನೊಮ್ಮೆ ಓದಿದಳು. ಎ ಗುಂಪಿನ ರಕ್ತ ಬಿ ಗುಂಪಿನ ಬಾಣಂತಿಯ ಮೈಗೆ ಹೋಗಿತ್ತು. ಅವಳು ಹಾಸಿಗೆ ಹಿಡಿದ ಮೇಲೆ ಯಾರೋ ಕೂತು ದಾಖಲೆಯನ್ನು ತಿದ್ದಿದ್ದರು. ಹುಡುಗಿ ಮೂರು ದಿನ ಬಾಯಿ ಬಿಡದ ಕಾರಣ ಈಗ ಗೊತ್ತಾಯಿತು. ಅವಳನ್ನು ಉಳಿಸುತ್ತೇನೆಂದು ಸಿರುಗುಪ್ಪದಿಂದ ಹಾರಿ ಬಂದು, ಅವಳ ಕೈಯಿಂದಲೇ ಅವಳ ಮೇಲಿನ ಸಾಕ್ಷಿಯನ್ನು ಎಬ್ಬಿಸಿ ಕೂರಿಸಿದ್ದಾಯಿತು.

ಆದರೂ ಆಕೆ ಒಂದು ದಾರಿ ಹುಡುಕಿದಳು. 

"ಇದನ್ನೂ ಬ್ಯಾರೆ ಯಾರೋ ಮಾಡ್ಯಾರ," ಎಂದಳು, ಸ್ವಲ್ಪ ಜೋರಾಗಿಯೇ. "ಸೋಮವಾರ ಆದಂಗ. ನೀನು ಎದ್ದು ಹೋಗಿರಬೇಕು, ಯಾರೋ ಬಂದು ನಿನ್ನ ಕುರ್ಚಿಯಾಗ ಕುಂತಿರಬೇಕು. ಹೌದಲ್ಲೋ? ಹೇಳವಾ."

ಹೌದೆಂದರೆ ಸಾಕಿತ್ತು. ಸೋಮವಾರದ ಕಥೆ ಕೇಳಿದವರೆಲ್ಲ ನಂಬುತ್ತಿದ್ದರು. ವಿರೂಪಾಕ್ಷಿ ಕೂಡ ಆಸೆಯಿಂದ ತಲೆಯಾಡಿಸಿದ.

"ಇಲ್ಲಮ್ಮಾ," ಎಂದಳು ಆಫ್ರೀನ್. "ಅವತ್ತು ಕುರ್ಚಿ ಮ್ಯಾಲೆ ನಾನ ಕುಂತಿದ್ದೆ. ಬೆರಳೂ ನಂದ. ಒಂದು ವರ್ಷದಿಂದ ನಿದ್ದಿ ಇಲ್ಲ ನನಗ."

ಚನ್ನಬಸವರಾಜ ಫೋನನ್ನು ಸಫಾರಿಯ ಜೇಬಿಗೆ ಇಳಿಸಿದ. ಅವನ ದನಿ ಒಮ್ಮಿಂದೊಮ್ಮೆಲೆ ಅಕ್ಕರೆಯದಾಯಿತು. "ಹೋಗಲಿ ಬಿಡ್ರಿ, ಸಣ್ಣ ಹುಡುಗಿ. ಪೊಲೀಸ್ರು ಗಿಲೀಸ್ರು ಬ್ಯಾಡ, ನಾನು ಠಾಣಿಗೆ ಹೇಳ್ತೀನಿ ಬರಬ್ಯಾಡ್ರಿ ಅಂತ. ಆ ಪುಟ ಮುಚ್ಚವ್ವಾ ನೀನು."

ಮೂರು ದಿನ ಪೊಲೀಸರು ಪೊಲೀಸರು ಎಂದು ಜಪ ಮಾಡಿದ ಮನುಷ್ಯ! ಚನ್ನವೀರಮ್ಮ ಸಾವಕಾಶ ಅವನತ್ತ ತಿರುಗಿದಳು.

ಆಫ್ರೀನ್ ಪುಟ ಮುಚ್ಚಲಿಲ್ಲ. ಕುರ್ಚಿಯಿಂದ ಎದ್ದು ಅವನ ಎದುರಿಗೆ ನಿಂತಳು.

"ಬರಬ್ಯಾಡ್ರಿ ಅಂತ ಹೇಳಬ್ಯಾಡ್ರಿ ಸರ, ಬರಲಿ. ಅವತ್ತು ನನ್ನ ಬೆನ್ನ ಹಿಂದ ನಿಂತು 'ಎ ಅಳಿಸಿ ಬಿ ಮಾಡು' ಅಂದೋರ ಹೆಸರು ಪೊಲೀಸ್ರ ಮುಂದನ ಹೇಳ್ತೀನಿ."